‘ನೋಡುವ’ ಅಂದರೆ ಎಷ್ಟನೇ ತಾರೀಕು?

ಸ್ಟುಟ್‌ಗಾರ್ಟಿನಿಂದ ಎರಡು ವರ್ಷದ ಕೆಲಸಕ್ಕೆಂದು ಮಂಗಳೂರಿಗೆ ಹೋದ ಜರ್ಮನ್ ಇಂಜಿನಿಯರ್ ಒಬ್ಬರು ಎಂಟನೇ ದಿನಕ್ಕೆ ಕಳಿಸಿದ ಮೆಸೇಜು ಒಂದೇ ಸಾಲಿನದು: “ನಿಮ್ಮ ಊರಲ್ಲಿ ‘ನೋಡುವ’ ಅಂದರೆ ಎಷ್ಟನೇ ತಾರೀಕು?” ಮೊದಲು ನಗು ಬಂತು, ಆಮೇಲೆ ಚುರುಕ್ಕೆಂದಿತು.

ಅವರ ಗಡಿಬಿಡಿಗೆ ಕಾರಣವಿದೆ. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಕೆಲಸಕ್ಕೆ ಬಂದ ವಿದೇಶಿಯರು ಬಂದಿಳಿದ 14 ದಿನದೊಳಗೆ, ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ತಡವಾದರೆ ದಂಡ. ನೋಂದಣಿಗೆ ವಿಳಾಸದ ಪುರಾವೆ ಬೇಕು, ಆ ಪುರಾವೆಯ ಬೇರು ಇರುವುದು ಮನೆ ಓನರ್ ಕೈಯಲ್ಲಿ. ವಿದೇಶಿಯರು ಮನೆಗೆ ಕಾಲಿಟ್ಟ 24 ಗಂಟೆಯೊಳಗೆ ಓನರೇ ಆನ್‌ಲೈನ್‌ನಲ್ಲಿ ತಿಳಿಸಬೇಕು. ‘ಸಿ ಫಾರ್ಮ್’ ಎಂದು ಜನ ಕರೆಯುವುದು ಇದನ್ನೇ. ಓನರ್ ಹೇಳಿದ್ದು, “ನೋಡುವ.”

ಜರ್ಮನಿಯಲ್ಲೂ ಗಡುವು ಎರಡೇ ವಾರ. ಮನೆ ಸೇರಿದ ಮೇಲೆ ನಗರ ಕಚೇರಿಗೆ ಹೋಗಿ ವಿಳಾಸ ದಾಖಲಿಸಬೇಕು, ಅದಕ್ಕೂ ಮನೆಯೊಡೆಯನ ಪತ್ರ ಬೇಕು. ಆದರೆ ಅಲ್ಲಿ ಕೀಲಿಕೈಯ ಜೊತೆಗೇ ಆ ಕಾಗದ ಮೇಜಿನ ಮೇಲಿರುತ್ತದೆ. ಕೊಡುವುದು ಉಪಕಾರ ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಮ್ಮಲ್ಲಿ ಸಿ ಫಾರ್ಮ್ ಕೇಳಿದರೆ ಓನರ್ ಮುಖದಲ್ಲಿ ಪೊಲೀಸ್ ಸ್ಟೇಷನ್ ಕಾಣುತ್ತದೆ.

ದೋಷ ನಮ್ಮ ವ್ಯಾಕರಣದಲ್ಲೂ ಇರಬಹುದು. ಬೆಂಗಳೂರಿನವರ ‘ನೋಡೋಣ’, ನಮ್ಮ ‘ನೋಡುವ’, ತುಳುವಿನ ‘ತೂಕ’: ಮೂರರಲ್ಲೂ ಕರ್ತೃ ‘ನಾವು’. ನೋಡಬೇಕಾದವರಲ್ಲಿ ಕೇಳಿದವರೂ ಸೇರಿಹೋದರು, ಹೊಣೆ ಯಾರ ತಲೆಗೂ ಇಲ್ಲ! ಊರವರಿಗೆ ಸ್ವರ ಕೇಳಿಯೇ ಅರ್ಥವಾಗುತ್ತದೆ. ಎಳೆದು ಹೇಳಿದ “ನೋಡುವಾ” ಅಂದರೆ ಇಲ್ಲ. “ನೋಡುವ, ಬುಧವಾರ ಒಂದು ಫೋನ್ ಮಾಡಿ” ಅಂದರೆ ಅರ್ಧ ಹೌದು; ಫೋನ್ ಮಾಡದಿದ್ದರೆ ಅದೂ ಇಲ್ಲ. “ಮಾಡುವ” ಅಂದರೆ ಹೌದು, ದಿನ ಮಾತ್ರ ಕೇಳಬೇಡಿ. “ಆಯ್ತು ಮಾರಾಯ್ರೆ” ಬಂದರೆ ಕೆಲಸ ಆದ ಹಾಗೆಯೇ. ಹೊರಗಿನಿಂದ ಬಂದವರಿಗೆ ಈ ನಾಲ್ಕೂ ಒಂದೇ. ‘ಇಲ್ಲ’ ಎಂಬ ಎರಡಕ್ಷರ ಬಾಯಿಗೆ ಬಾರದ ದಾಕ್ಷಿಣ್ಯಕ್ಕೆ ಸೌಜನ್ಯ ಅಂತ ಹೆಸರಿಟ್ಟವರು ಯಾರೋ.

ಹಾಗಾಗಿ ಬರುವವರಿಗೆ ಉಪಾಯ ಇಷ್ಟೇ: ‘ಮಾಡ್ತೀರಾ?’ ಅಂತ ಕೇಳುವುದೇ ಬೇಡ. ಅಡ್ವಾನ್ಸ್ ಕೊಡುವ ಮೊದಲೇ ದಿನ ಗೊತ್ತುಮಾಡಿ, ಮನೆ ಸೇರಿದ ದಿನವೇ ಓನರ್ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರಿ. ಖಾತೆ ಅವರ ಹೆಸರಿನದು, ಟೈಪ್ ಮಾಡುವ ಕೆಲಸ ನಿಮ್ಮದು. ಪಾಸ್‌ಪೋರ್ಟ್, ವೀಸಾ, ಭಾರತಕ್ಕೆ ಬಂದಿಳಿದ ದಿನದ ಮುದ್ರೆ, ಫೋಟೋ ಮೊದಲೇ ಸ್ಕ್ಯಾನ್ ಆಗಿರಲಿ. ಮುಗಿದ ಕೂಡಲೇ ಪ್ರತಿಯನ್ನು ಪಿಡಿಎಫ್ ಮಾಡಿಟ್ಟುಕೊಳ್ಳಿ. ಬಾಡಿಗೆ ಕರಾರು 11 ತಿಂಗಳದ್ದು ಅಂತ ಗಾಬರಿ ಬೇಡ, ಒಂದು ವರ್ಷ ದಾಟದಿದ್ದರೆ ನೋಂದಣಿ ಕಡ್ಡಾಯವಲ್ಲ ಎಂದು ಎಲ್ಲರೂ ಮಾಡುವುದು ಹಾಗೆಯೇ. ಕರಾರಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆಯೇ ಇರಬೇಕು. ನಡುವಿನ ಹೆಸರು ಬಿಟ್ಟುಹೋದರೆ ಬ್ಯಾಂಕಿನಲ್ಲಿ ಇನ್ನೊಂದು ‘ನೋಡುವ’ ಕಾದಿರುತ್ತದೆ. ಆಧಾರ್ ಆಮೇಲಿನ ಮಾತು, ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದಿರಬೇಕು.

ಎರಡನೇ ಪರೀಕ್ಷೆ ಮಳೆ. ಹೆಂಚಿನ ಮನೆ ಚೆಂದ ಕಂಡು ಹಿಡಿದಿದ್ದರೆ ಹೆಂಚು ತಿರುವುವ ಕೆಲಸ ಮೇ ಮಧ್ಯದೊಳಗೆ ಮುಗಿಯಬೇಕು. ಜೂನಿನ ಮೊದಲ ಮಳೆ ಬಿದ್ದ ಮೇಲೆ ಕೆಲಸದವರು ಸಿಗುವುದಿಲ್ಲ, ಪಾಚಿ ಹಿಡಿದ ಹೆಂಚಿನ ಮೇಲೆ ಕಾಲೂ ನಿಲ್ಲುವುದಿಲ್ಲ. ಕಪಾಟು ಗೋಡೆಯಿಂದ ನಾಲ್ಕು ಬೆರಳು ದೂರವಿರಲಿ, ಇಲ್ಲದಿದ್ದರೆ ತುಳುವರ ಆಟಿ ತಿಂಗಳಲ್ಲಿ, ಅಂದರೆ ನಡು ಮಳೆಗಾಲದಲ್ಲಿ, ಕೋಟಿಗೂ ಶೂಗೂ ಬೂಸ್ಟು. ಕ್ಯಾಮೆರಾ ಲೆನ್ಸು ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆಗೆ. ಗುಡುಗು ಶುರುವಾದರೆ ರೂಟರ್‌ನ ಪ್ಲಗ್ ಮಾತ್ರ ಕಿತ್ತರೆ ಸಾಲದು, ಹೊರಗಿನಿಂದ ಬರುವ ತಾಮ್ರದ ವಯರನ್ನೂ ಬಿಡಿಸಬೇಕು, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಕರೆಂಟು ಹೋದಾಗ ಇನ್ವರ್ಟರಿಗೆ 150 ಆಂಪಿಯರ್-ಅವರ್‌ನ ಹೊಸ ಬ್ಯಾಟರಿ ಇದ್ದರೆ 200 ವಾಟ್‌ನಷ್ಟು ಫ್ಯಾನು, ದೀಪ, ರೂಟರು, ಲ್ಯಾಪ್‌ಟಾಪು ಆರೇಳು ಗಂಟೆ ನಡೆದಾವು. ಎ.ಸಿ. ನಡೆಯದು. ಇನ್ನು ನೀರು: ಏಪ್ರಿಲ್-ಮೇಯಲ್ಲಿ ತುಂಬೆ ಅಣೆಕಟ್ಟಿನ ಮಟ್ಟ ಇಳಿದರೆ ಮಂಗಳೂರಿಗೂ, ಬಜೆಯಲ್ಲಿ ಇಳಿದರೆ ಉಡುಪಿಗೂ ತಾಪತ್ರಯ. ಬಾವಿ ಇರುವ ಕಂಪೌಂಡ್ ನೋಡಿ.

ಮಂಗಳೂರಿಗೆ ಜರ್ಮನ್ನರು ಹೊಸಬರೇನಲ್ಲ. ಹರ್ಮನ್ ಮೋಗ್ಲಿಂಗ್ ಇಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ್ದು 1843ರಲ್ಲಿ, ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಕಿಟ್ಟೆಲರ ನಿಘಂಟು 1894ರದು. ಅಷ್ಟು ಪದ ಕೂಡಿಸಿದ ಕಿಟ್ಟೆಲರಿಗೂ ‘ನೋಡುವ’ದ ತಾರೀಕು ಸಿಕ್ಕಿರಲಾರದು.

ಒಪ್ಪಿಕೊಳ್ಳಲು ಮನಸ್ಸಿಲ್ಲ, ಆದರೂ ಹೇಳಬೇಕು. ಸ್ಟುಟ್‌ಗಾರ್ಟಿನಲ್ಲಿ ಕಣ್ಣಿನ ತಜ್ಞರನ್ನು ಕಾಣಲು ಎಷ್ಟೋ ಸಲ ವಾರಗಟ್ಟಲೆ ಕಾಯಬೇಕು. ಮಂಗಳೂರಿನಲ್ಲಿ, ಮಣಿಪಾಲದಲ್ಲಿ ಬೆಳಿಗ್ಗೆ ಒಪಿಡಿ ಚೀಟಿ ಮಾಡಿಸಿದರೆ ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ಕೆಲಸ ಮುಗಿದಿರುತ್ತದೆ. ಜರ್ಮನಿಯಲ್ಲಿ ಭಾನುವಾರ ಪೈಪ್ ಒಡೆದರೆ ತುರ್ತು ಸೇವೆಯವರ ಬಿಲ್ಲು ನೋಡಿಯೇ ಎದೆ ಒಡೆಯಬೇಕು. ಹದಿಮೂರನೇ ದಿನಕ್ಕೆ ಆ ಇಂಜಿನಿಯರ್ ಮತ್ತೆ ಬರೆದರು. ಸಿ ಫಾರ್ಮ್ ಆಗಿತ್ತಂತೆ. ಅದಕ್ಕೂ ಮೊದಲು, ರಾತ್ರಿ ಹತ್ತಕ್ಕೆ ಪಂಪ್ ಕೆಟ್ಟಾಗ, ಅದೇ ಓನರ್ ಲುಂಗಿಯಲ್ಲೇ ಎಲೆಕ್ಟ್ರಿಷಿಯನ್‌ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದಿದ್ದರಂತೆ, ಕೈಯಲ್ಲಿ ಒಂದು ಡಬ್ಬ ನೀರ್‌ದೋಸೆಯೊಂದಿಗೆ. ದುಡ್ಡು ಎಷ್ಟಾಯಿತು ಅಂತ ಕೇಳಿದ್ದಕ್ಕೆ ಅವರ ಉತ್ತರ, “ನೋಡುವ.”