ಸ್ಪಷ್ಟನೆ: ಸೀನರಿ ಪರದೆ ಯಕ್ಷಗಾನದಿಂದ ಬಂದದ್ದಲ್ಲ

ಕಂಪನಿ ನಾಟಕಗಳಲ್ಲಿ ಹಿಂದೆ ಇಳಿಬಿಡುವ, ಬೀದಿ, ಕಾಡು, ಅರಮನೆಯ ಚಿತ್ರ ಬರೆದ ಸೀನರಿ ಪರದೆಗಳು ಯಕ್ಷಗಾನದಿಂದ ಬಂದವು ಎಂದು ಹೋದ ವಾರ ಮೈಸೂರಿನ ನಮ್ಮ ರಂಗಾಸಕ್ತರ ವಾಟ್ಸಾಪ್ ಗುಂಪಿನಲ್ಲಿ ಬರೆದಿದ್ದೆ. ಅದು ತಪ್ಪು. ಈಗ ಮಂಡ್ಯದ ಗುಂಪುಗಳಲ್ಲೂ ಓಡಾಡುತ್ತಿದೆ.

ಯಕ್ಷಗಾನದ ತೆರೆ ಇಬ್ಬರು ಕೈಯಲ್ಲಿ ಹಿಡಿಯುವ ಬಟ್ಟೆ. ಪಾತ್ರದ ಪ್ರವೇಶಕ್ಕೆ ಹಿಡಿಯುತ್ತಾರೆ, ಆಮೇಲೆ ತೆಗೆಯುತ್ತಾರೆ. ಸೀನರಿ ಪರದೆಗಳು ನಮ್ಮಲ್ಲಿಗೆ ಬಂದದ್ದು 19ನೇ ಶತಮಾನದ ಪಾರ್ಸಿ ನಾಟಕ ಕಂಪನಿಗಳಿಂದ. ಅವರು ಅದನ್ನು ಪ್ರೇಕ್ಷಕರು ಎದುರಿನಿಂದ ಮಾತ್ರ ನೋಡುವ ಯುರೋಪಿನ ಚೌಕಟ್ಟಿನ ರಂಗಮಂದಿರದಿಂದ ಪಡೆದಿದ್ದರು. ಪರದೆಯನ್ನೇ ನೋಡಿ: ಬೀದಿ ದೂರ ಹೋದಂತೆ ಕಿರಿದಾಗುತ್ತದೆ. ಎದುರು ಕೂತವರಿಗೇ ಅದು ಸರಿಯಾಗಿ ಕಾಣುವುದು. ಮೂರು ಕಡೆ ಜನ ಕೂರುವ ಯಕ್ಷಗಾನದಂಥ ಬಯಲಾಟಕ್ಕೆ ಅದು ಹೊಂದುವುದಿಲ್ಲ, ಅಲ್ವಾ? ಪದ್ಧತಿ ಹೊರಗಿನಿಂದ ಬಂದದ್ದಾದರೂ ಇಲ್ಲಿನ ಪರದೆ ಕಲಾವಿದರ ಕುಂಚದ ಕೆಲಸ ಬಹಳ ದೊಡ್ಡದು.

ದಯವಿಟ್ಟು ಹಳೆಯ ಸಂದೇಶವನ್ನು ಇನ್ನು ಯಾರಿಗೂ ಕಳಿಸಬೇಡಿ. ಕಳಿಸಿದ್ದ ಕಡೆ ಇದನ್ನೂ ಹಾಕಿ.