ಹೈಕಮಾಂಡ್ ಇಲ್ಲದ ನಾಡಿನ ಟಿಕೆಟ್ ಮಹಾತ್ಮೆ

ಚುನಾವಣೆ ಘೋಷಣೆಯಾದ ಕೂಡಲೇ ದೆಹಲಿ ವಿಮಾನಗಳು ಆಕಾಂಕ್ಷಿಗಳಿಂದ ತುಂಬುವುದನ್ನೂ, ಐದು ವರ್ಷ ಕ್ಷೇತ್ರ ಸುತ್ತಿದವರು ಬಿ ಫಾರಂಗಾಗಿ ವರಿಷ್ಠರ ಮನೆ ಬಾಗಿಲಲ್ಲಿ ಕಾಯುವುದನ್ನೂ, ಕೊನೆಗೆ ಆ ಫಾರಂ ನಿನ್ನೆಯವರೆಗೆ ಎದುರು ಪಕ್ಷದಲ್ಲಿದ್ದವರ ಜೇಬು ಸೇರುವುದನ್ನೂ ನೋಡಿ ಬೇಸತ್ತ ನಮ್ಮ ಪ್ರಜ್ಞಾವಂತರು ಅಮೆರಿಕದತ್ತ ಬೆರಳು ತೋರಿಸುವುದು ವಾಡಿಕೆಯಾಗಿದೆ. ಅಲ್ಲಿ ಹೈಕಮಾಂಡ್ ಎಂಬುದೇ ಇಲ್ಲ, ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಪ್ರೈಮರಿ ಎಂಬ ಚುನಾವಣೆಯಲ್ಲಿ ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ ಎಂದು ಅವರು ಹೇಳುವಾಗ ಧ್ವನಿಯಲ್ಲಿ ಭಕ್ತಿ ತುಂಬಿರುತ್ತದೆ. ಅಂಥ ಪುಣ್ಯಭೂಮಿಯ ಟಿಕೆಟ್ ಹಂಚಿಕೆಯ ಮಹಿಮೆಯನ್ನು ನಾವೂ ಯಥಾಶಕ್ತಿ ಪಾರಾಯಣ ಮಾಡಬೇಕಾದದ್ದು ಧರ್ಮ.

ಅಲ್ಲಿಯೂ ಒಂದು ಕಾಲಕ್ಕೆ ಮುಚ್ಚಿದ ಕೋಣೆಗಳಿದ್ದವು. 1968ರಲ್ಲಿ ಡೆಮಾಕ್ರಟಿಕ್ ಪಕ್ಷದ ಮುಖಂಡರು ಹ್ಯೂಬರ್ಟ್ ಹಂಫ್ರಿ ಅವರನ್ನು ಅಧ್ಯಕ್ಷೀಯ ಅಭ್ಯರ್ಥಿಯನ್ನಾಗಿ ಆರಿಸಿದಾಗ ಅವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ. ಶಿಕಾಗೊ ಸಮಾವೇಶದ ಹೊರಗೆ ಪೊಲೀಸರು ಲಾಠಿ ಬೀಸುತ್ತಿದ್ದರೆ ಒಳಗೆ ಟಿಕೆಟ್ ವಿತರಣೆ ಸಾಂಗವಾಗಿ ನೆರವೇರಿತ್ತು. ಈ ಅಪಕೀರ್ತಿಯನ್ನು ತೊಳೆದುಕೊಳ್ಳಲು ಪಕ್ಷವು ಸೆನೆಟರ್ ಜಾರ್ಜ್ ಮೆಗವರ್ನ್ ಅವರನ್ನು ಮುಂದಿಟ್ಟುಕೊಂಡು ಸುಧಾರಣಾ ಸಮಿತಿಯೊಂದನ್ನು ರಚಿಸಿತು. ಸಮಿತಿಯ ಹೊಸ ನಿಯಮಗಳ ಪ್ರಕಾರ 1972ರಲ್ಲಿ ನಡೆದ ಮೊದಲ ಆಯ್ಕೆಯಲ್ಲಿ ಟಿಕೆಟ್ ಸಿಕ್ಕಿದ್ದು ಸಾಕ್ಷಾತ್ ಮೆಗವರ್ನ್ ಅವರಿಗೇ. ಮೀಸಲಾತಿ ಪಟ್ಟಿಯನ್ನು ಸಿದ್ಧಪಡಿಸಿದವರಿಗೇ ವಾರ್ಡು ಒಲಿಯುವುದನ್ನು ಕಂಡಿರುವ ನಮಗೆ ಇದರಲ್ಲಿ ಸೋಜಿಗವೇನೂ ಕಾಣದು. ಆ ನವೆಂಬರಿನ ಸಾರ್ವತ್ರಿಕ ಚುನಾವಣೆಯಲ್ಲಿ ಅವರು 50 ರಾಜ್ಯಗಳ ಪೈಕಿ 49ರಲ್ಲಿ ಸೋತರು. ಅಭ್ಯರ್ಥಿ ಸೋತರೂ ಪದ್ಧತಿ ಗೆದ್ದಿತು. ರಿಪಬ್ಲಿಕನ್ನರೂ ಅದೇ ಹಾದಿ ಹಿಡಿದರು.

ಜನರೇ ಆರಿಸುವುದೆಂದ ಮೇಲೆ ಯಾವ ಜನ ಮೊದಲು ಆರಿಸಬೇಕೆಂಬ ಪ್ರಶ್ನೆ ಏಳುತ್ತದೆ. ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯವು ಇದನ್ನು ಸರಳವಾಗಿ ಬಗೆಹರಿಸಿಕೊಂಡಿದೆ: ತನ್ನ ಪ್ರೈಮರಿಯು ಅಂಥ ಬೇರೆ ಯಾವುದೇ ಚುನಾವಣೆಗಿಂತ ಕನಿಷ್ಠ ಏಳು ದಿನ ಮೊದಲು ನಡೆಯತಕ್ಕದ್ದೆಂದು ಕಾನೂನನ್ನೇ ಮಾಡಿಕೊಂಡಿದೆ. 2024ರಲ್ಲಿ ಡೆಮಾಕ್ರಟಿಕ್ ಪಕ್ಷವು ಮೊದಲ ತಾಂಬೂಲವನ್ನು ಸೌತ್ ಕೆರೊಲಿನಾಕ್ಕೆ ಕೊಡಲು ಹೊರಟಾಗ ನ್ಯೂ ಹ್ಯಾಂಪ್‌ಶೈರ್ ತನ್ನ ಪಾಡಿಗೆ ತಾನು ಮೊದಲೇ ಮತದಾನ ನಡೆಸಿತು. ಆಗಿನ ಅಧ್ಯಕ್ಷ ಬೈಡನ್ ಅವರ ಹೆಸರೇ ಮತಪತ್ರದಲ್ಲಿರಲಿಲ್ಲವಾಗಿ ಬೆಂಬಲಿಗರು ಅದನ್ನು ಕೈಯಿಂದ ಬರೆದು ಗೆಲ್ಲಿಸಬೇಕಾಯಿತು. ಅದೇ ರಾಜ್ಯದ ಡಿಕ್ಸ್‌ವಿಲ್ ನಾಚ್ ಎಂಬಲ್ಲಿ ನಡುರಾತ್ರಿ ಹನ್ನೆರಡಕ್ಕೇ ಮತದಾನ ನಡೆಯುತ್ತದೆ. ಆ ವರ್ಷ ಅಲ್ಲಿದ್ದ ಮತದಾರರು ಆರು ಜನ. ಆರೂ ಮತಗಳು ರಿಪಬ್ಲಿಕನ್ ಟಿಕೆಟ್ಟಿಗೆ ಟ್ರಂಪ್ ಅವರೊಂದಿಗೆ ಪೈಪೋಟಿಗಿಳಿದಿದ್ದ ನಿಕ್ಕಿ ಹೇಲಿ ಅವರಿಗೆ ಬಿದ್ದವು, ಸುದ್ದಿವಾಹಿನಿಗಳು ಆ ಫಲಿತಾಂಶವನ್ನು ದೇಶಕ್ಕೆಲ್ಲ ಸಾರಿದವು.

ಹೇಲಿ ಅವರ ಭಾಗ್ಯ ನೆವಾಡಾದಲ್ಲಿ ಇನ್ನಷ್ಟು ಬೆಳಗಿತು. ಅಲ್ಲಿ ರಾಜ್ಯ ಸರ್ಕಾರವು ಕಾನೂನಿನಂತೆ ಪ್ರೈಮರಿ ನಡೆಸಿದರೆ, ರಿಪಬ್ಲಿಕನ್ ಪಕ್ಷವು ಎರಡು ದಿನ ಬಿಟ್ಟು ಕಾಕಸ್ ಎಂಬ ತನ್ನದೇ ಸಭೆಯನ್ನು ಕರೆದು, ತಾನು ಲೆಕ್ಕಕ್ಕೆ ಹಿಡಿಯುವುದು ಅದನ್ನೇ ಎಂದು ಘೋಷಿಸಿತು. ಟ್ರಂಪ್ ಕಾಕಸ್‌ಗೆ ಹೋದರು, ಹೇಲಿ ಪ್ರೈಮರಿಯಲ್ಲಿ ಉಳಿದರು. ಹೇಳಿಕೊಳ್ಳುವಂಥ ಎದುರಾಳಿಯೇ ಇಲ್ಲದ, ಗೆದ್ದರೂ ಟಿಕೆಟ್ ಅಂತಿಮಗೊಳಿಸುವ ಪಕ್ಷದ ಸಮಾವೇಶಕ್ಕೆ ಒಬ್ಬ ಪ್ರತಿನಿಧಿಯೂ ದಕ್ಕದ ಆ ಸ್ಪರ್ಧೆಯಲ್ಲಿ ಅವರು ಸೋತದ್ದು ‘ಇವರಲ್ಲಿ ಯಾರೂ ಅಲ್ಲ’ ಎಂಬ ಆಯ್ಕೆಯ ಎದುರು. ಅದಕ್ಕೆ ಶೇ 60ಕ್ಕಿಂತ ಹೆಚ್ಚು ಮತ ಬಿತ್ತು. ನಮ್ಮ ನೋಟಾ ಇಷ್ಟು ವರ್ಷಗಳಲ್ಲಿ ಠೇವಣಿ ಉಳಿಸಿಕೊಳ್ಳಲೂ ಹೆಣಗುತ್ತಿರುವುದನ್ನು ನೆನೆದರೆ ಅಸೂಯೆಯಾಗುತ್ತದೆ.

ಇವೆಲ್ಲ ಅಧ್ಯಕ್ಷ ಪದವಿಯ ಜಾತ್ರೆಯ ವೈಭವಗಳು. ಪ್ರೈಮರಿಯ ನಿಜವಾದ ಪ್ರತಾಪವಿರುವುದು ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ 435 ಕ್ಷೇತ್ರಗಳಲ್ಲಿ. ಬಹುಪಾಲು ಕ್ಷೇತ್ರಗಳ ಗಡಿಗಳನ್ನು ರಾಜ್ಯ ಶಾಸನಸಭೆಗಳಲ್ಲಿ ಬಹುಮತವುಳ್ಳ ಪಕ್ಷಗಳೇ ಗೆರೆ ಎಳೆದು ನಿಗದಿಪಡಿಸಿರುವುದರಿಂದಲೂ, ಜನರೂ ತಮ್ಮಂಥವರ ನೆರೆಯಲ್ಲೇ ಮನೆ ಮಾಡುವುದರಿಂದಲೂ, ನವೆಂಬರಿನಲ್ಲಿ ಗೆಲ್ಲುವ ಪಕ್ಷ ಯಾವುದೆಂಬುದು ಮೊದಲೇ ಗೊತ್ತಿರುತ್ತದೆ. ಹಾಗಾಗಿ ಆ ಪಕ್ಷದ ಪ್ರೈಮರಿಯಲ್ಲಿ ಗೆದ್ದವರೇ ಸಂಸದರು. ಎರಡೂ ಪಕ್ಷಗಳ ಪ್ರೈಮರಿಗಳಿಗೆ ಸೇರಿ ಬರುವವರಾದರೋ, ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆಯ ವರ್ಷಗಳಲ್ಲಿ ಐವರು ಮತದಾರರಲ್ಲಿ ಹೆಚ್ಚುಕಡಿಮೆ ಒಬ್ಬರು, ಅದರಲ್ಲೂ ಹೆಚ್ಚಿನವರು ಪಕ್ಷದ ಕಟ್ಟಾಭಿಮಾನಿಗಳು. ಉಳಿದ ನಾಲ್ವರಲ್ಲಿ ಮತ ಹಾಕುವವರು ನವೆಂಬರಿನಲ್ಲಿ ಸರದಿಯಲ್ಲಿ ನಿಂತು, ಆಗಿಹೋದ ಮದುವೆಗೆ ಅಕ್ಷತೆ ಹಾಕಿ ಬರುತ್ತಾರೆ.

2014ರ ಜೂನ್‌ನಲ್ಲಿ ವರ್ಜೀನಿಯಾದ 7ನೇ ಕ್ಷೇತ್ರದಲ್ಲಿ ನಡೆದದ್ದನ್ನು ಅಲ್ಲಿನ ಸಂಸದರು ಇಂದಿಗೂ ಮರೆತಿಲ್ಲ. ಪ್ರತಿನಿಧಿ ಸಭೆಯಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದ, ಮುಂದಿನ ಸ್ಪೀಕರ್ ಎಂದೇ ಹೆಸರಾಗಿದ್ದ ಎರಿಕ್ ಕ್ಯಾಂಟರ್, ಡೇವ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಮೇಷ್ಟರ ಎದುರು ಪ್ರೈಮರಿಯಲ್ಲಿ ನೆಲ ಕಚ್ಚಿದರು. ಬಿದ್ದ ಒಟ್ಟು ಮತಗಳು ಸುಮಾರು 65,000. ಮೇಷ್ಟರು ಇಡೀ ಪ್ರಚಾರಕ್ಕೆ ಖರ್ಚು ಮಾಡಿದ್ದು 1.2 ಲಕ್ಷ ಡಾಲರಿನ ಆಸುಪಾಸು. ಕ್ಯಾಂಟರ್ ಅವರ ಪ್ರಚಾರ ನಿಧಿಯಿಂದ ಸ್ಟೇಕ್‌ಹೌಸ್ ಎಂಬ ದುಬಾರಿ ಮಾಂಸಾಹಾರದ ಹೋಟೆಲುಗಳಿಗೆ ಸಂದಾಯವಾದದ್ದೇ ಅದಕ್ಕಿಂತ ಹೆಚ್ಚು. ನಮ್ಮ ಯಾವ ಹೋಬಳಿ ಮಟ್ಟದ ಪುಢಾರಿಯನ್ನು ಕೇಳಿದ್ದರೂ, ಬಾಡೂಟ ಹಾಕಿಸಬೇಕಾದದ್ದು ಮತದಾರರಿಗೇ ಹೊರತು ದೇಣಿಗೆದಾರರಿಗಲ್ಲ ಎಂದು ಬಿಟ್ಟಿಯಾಗಿ ಬುದ್ಧಿ ಹೇಳುತ್ತಿದ್ದ.

ಅಂದಿನಿಂದ ಸಂಸದರಿಗೆ ಎದುರು ಪಕ್ಷದ ಭಯ ಹೋಗಿ ಸ್ವಪಕ್ಷದ ಪ್ರೈಮರಿಯ ಭಯ ಇನ್ನಷ್ಟು ಗಟ್ಟಿಯಾಯಿತು. ಎದುರು ಪಕ್ಷದವರೊಂದಿಗೆ ಕೂತು ಒಂದು ಮಸೂದೆಗೆ ಒಪ್ಪಿಗೆ ಕೊಟ್ಟರೂ, ಅದು ರಾಜಿ ಮಾಡಿಕೊಂಡ ಪಾಪವೆಂದು ಪ್ರೈಮರಿಯ ಕರಪತ್ರದಲ್ಲಿ ಅಚ್ಚಾಗುತ್ತದೆ. 2021ರಲ್ಲಿ ಟ್ರಂಪ್ ಅವರ ವಾಗ್ದಂಡನೆಯ ಪರ ಮತ ಹಾಕಿದ ಹತ್ತು ಮಂದಿ ರಿಪಬ್ಲಿಕನ್ ಸಂಸದರಲ್ಲಿ ನಾಲ್ವರು ಮತ್ತೆ ಸ್ಪರ್ಧಿಸುವ ಗೋಜಿಗೇ ಹೋಗಲಿಲ್ಲ, ಲಿಜ್ ಚೇನಿ ಸೇರಿ ನಾಲ್ವರು ಪ್ರೈಮರಿಯಲ್ಲಿ ಸೋತರು. ಉಳಿದುಕೊಂಡ ಇಬ್ಬರೂ ಎಲ್ಲ ಪಕ್ಷಗಳವರಿಗೂ ಒಂದೇ ಮತಪತ್ರವಿರುವ ವಾಷಿಂಗ್ಟನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳವರು. ಹೈಕಮಾಂಡ್ ಇಲ್ಲವೆಂದು ನಾವು ಕೊಂಡಾಡಿದ ದೇಶದಲ್ಲಿ ಒಬ್ಬ ಮನುಷ್ಯನ ಬೆಂಬಲದ ಪ್ರಕಟಣೆಯೊಂದು ಯಾವ ಬಿ ಫಾರಂಗೂ ಕಡಿಮೆಯಿಲ್ಲದಂತೆ ಕೆಲಸ ಮಾಡುತ್ತಿರುವುದನ್ನು ಪ್ರಜ್ಞಾವಂತರು ಗಮನಿಸಿದಂತಿಲ್ಲ.

ಸೋತ ನಾಲ್ವರಲ್ಲಿ ಮಿಷಿಗನ್‌ನ ಪೀಟರ್ ಮೈಯರ್ ಅವರ ಪ್ರಸಂಗ ವಿಶೇಷವಾದದ್ದು. ಅವರ ಪ್ರತಿಸ್ಪರ್ಧಿ ಜಾನ್ ಗಿಬ್ಸ್ ಪರವಾಗಿ ಜಾಹೀರಾತಿಗೆ ನಾಲ್ಕು ಲಕ್ಷ ಡಾಲರಿಗೂ ಹೆಚ್ಚು ಸುರಿದದ್ದು ಡೆಮಾಕ್ರಟಿಕ್ ಪಕ್ಷದ ಚುನಾವಣಾ ಸಮಿತಿ. ಈತ ಟ್ರಂಪ್ ಆರಿಸಿದ ಮನುಷ್ಯ, ವಿಪರೀತ ಸಂಪ್ರದಾಯವಾದಿ ಎಂದು ಬೈಯುವ ನೆಪದಲ್ಲಿ ಅದು ಗಿಬ್ಸ್ ಅವರನ್ನು ರಿಪಬ್ಲಿಕನ್ ಮತದಾರರಿಗೆ ಪರಿಚಯಿಸಿತು. ಮತದಾರರು ಬೈಗುಳವನ್ನು ಶಿಫಾರಸೆಂದು ಸ್ವೀಕರಿಸಿದರು. ಟ್ರಂಪ್ ವಿರುದ್ಧ ಧೈರ್ಯ ತೋರುವ ರಿಪಬ್ಲಿಕನ್ನರು ಯಾಕಿಲ್ಲವೆಂದು ಮರುಗುತ್ತಿದ್ದ ಪಕ್ಷವು, ಧೈರ್ಯ ತೋರಿದ ಒಬ್ಬರನ್ನು ಮನೆಗೆ ಕಳುಹಿಸಿ, ನವೆಂಬರಿನಲ್ಲಿ ಗಿಬ್ಸ್ ಅವರನ್ನು ಸೋಲಿಸಿ, ಆ ಸೀಟನ್ನು ತಾನೇ ಇಟ್ಟುಕೊಂಡಿತು.

ಟಿಕೆಟ್ ತಪ್ಪಿದವರು ಅಲ್ಲಿ ಏನು ಮಾಡುತ್ತಾರೆ? ಜಗದೀಶ ಶೆಟ್ಟರ್ ಅವರು 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್‌ನಿಂದ ಸ್ಪರ್ಧಿಸಿ, ಸೋತು, ವರ್ಷ ತುಂಬುವುದರೊಳಗೆ ಬಿಜೆಪಿಗೆ ಮರಳಿದಂಥ ಸ್ವಾತಂತ್ರ್ಯ ಅಮೆರಿಕನ್ನರಿಗಿಲ್ಲ. ಪ್ರೈಮರಿಯಲ್ಲಿ ಸೋತವರ ಹೆಸರು ಅದೇ ಚುನಾವಣೆಯ ಮತಪತ್ರದಲ್ಲಿ ಬೇರೆ ದಾರಿಯಿಂದ ಬಾರದಂತೆ ಬಹುತೇಕ ರಾಜ್ಯಗಳಲ್ಲಿ ನಿರ್ಬಂಧವಿದೆ. 2010ರಲ್ಲಿ ಅಲಾಸ್ಕಾದ ಸೆನೆಟರ್ ಲಿಸಾ ಮರ್ಕೌಸ್ಕಿ ಪ್ರೈಮರಿಯಲ್ಲಿ ಸೋತಾಗ, ಮತದಾರರು ತಮ್ಮ ಹೆಸರನ್ನು ಕೈಯಿಂದ ಬರೆಯಲೆಂದು ಪ್ರಚಾರ ಮಾಡಿ, ಹೆಸರಿನ ಕಾಗುಣಿತವನ್ನು ಮಣಿಕಟ್ಟಿನ ಪಟ್ಟಿಗಳ ಮೇಲೆ ಅಚ್ಚು ಹಾಕಿಸಿ ಹಂಚಿದರು. ಲಕ್ಷಕ್ಕೂ ಹೆಚ್ಚು ಮಂದಿ ಬರೆದು ಗೆಲ್ಲಿಸಿದರು. ಎದುರಾಳಿಯು ಅಕ್ಷರದೋಷವಿರುವ ಮತಗಳನ್ನು ತಿರಸ್ಕರಿಸಬೇಕೆಂದು ನ್ಯಾಯಾಲಯಕ್ಕೆ ಹೋದರು. ಕಾಪಿ ಬರೆಸುವ ಪದ್ಧತಿ ನಮ್ಮ ಚುನಾವಣೆಗಳಿಗೆ ಇನ್ನೂ ಬಂದಿಲ್ಲ.

ಈ ಪದ್ಧತಿಯ ಪ್ರಸಾದ ನಮ್ಮ ನೆಲಕ್ಕೂ ತಲುಪಿದೆ. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಡೆಟ್ರಾಯಿಟ್ ಸೀಮೆಯ ಕ್ಷೇತ್ರವೊಂದರ ಡೆಮಾಕ್ರಟಿಕ್ ಪ್ರೈಮರಿಯನ್ನು ಶೇ 28ರಷ್ಟು ಮತ ಪಡೆದು ಗೆದ್ದರು. ಉಳಿದ ಶೇ 72 ಮಂದಿಗೆ ಬೇರೆ ಯಾರೋ ಬೇಕಾಗಿದ್ದರೂ ಅವರೆಲ್ಲ ಹಲವು ಹೆಸರುಗಳಲ್ಲಿ ಹಂಚಿಹೋಗಿದ್ದರು, ನವೆಂಬರ್ ಬರೀ ಶಾಸ್ತ್ರವಾಗಿತ್ತು.

ಸ್ವತಃ ಕರ್ನಾಟಕವೂ ಒಮ್ಮೆ ಈ ವ್ರತವನ್ನು ಆಚರಿಸಿತ್ತು. 2014ರ ಲೋಕಸಭಾ ಚುನಾವಣೆಗೆ ಮುನ್ನ ರಾಹುಲ್ ಗಾಂಧಿಯವರು ಪಕ್ಷದ ಬಾಗಿಲನ್ನು ಹೊಸಬರಿಗೆ ತೆರೆಯಲೆಂದು ದೇಶದ ಕೆಲವು ಕ್ಷೇತ್ರಗಳಲ್ಲಿ ಪ್ರೈಮರಿಗೆ ಆದೇಶಿಸಿದರು. ಅವುಗಳಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡವೂ ಇದ್ದವು. ಜನರೇ ಆರಿಸುವ ಆ ವಿಧಾನವು ದೆಹಲಿಯ ಅಪ್ಪಣೆಯಿಂದ ಜಾರಿಗೆ ಬಂದದ್ದರಿಂದ, ಮತದ ಹಕ್ಕು ಸಾಮಾನ್ಯ ಮತದಾರರಿಗಿರದೆ ಪದಾಧಿಕಾರಿಗಳು, ಪಕ್ಷದ ಚುನಾಯಿತ ಪ್ರತಿನಿಧಿಗಳು ಮುಂತಾದವರಿಗಿತ್ತು. ಮಂಗಳೂರಿನಲ್ಲಿ ಗೆದ್ದ ಹೊಸಬರು 1977ರಿಂದ ನಾಲ್ಕು ಬಾರಿ ಅದೇ ಊರಿನ ಸಂಸದರಾಗಿದ್ದ, 2009ರಲ್ಲಿ ಸೋತಿದ್ದ, ಎಪ್ಪತ್ತೈದು ದಾಟಿದ್ದ ಜನಾರ್ದನ ಪೂಜಾರಿಯವರು. ಬೆಂಗಳೂರು ಉತ್ತರದಲ್ಲಿ ಸಿ. ನಾರಾಯಣಸ್ವಾಮಿ ಗೆದ್ದರು. ಇಬ್ಬರೂ ಚುನಾವಣೆಯಲ್ಲಿ ಸೋತರು. ವಡೋದರದಲ್ಲಿ ಇನ್ನೂ ಅಚ್ಚುಕಟ್ಟಾದ ವ್ಯವಸ್ಥೆಯಾಯಿತು: ಪ್ರೈಮರಿಯಲ್ಲಿ ನರೇಂದ್ರ ರಾವತ್ ಗೆದ್ದರು, ಅಷ್ಟರಲ್ಲಿ ನರೇಂದ್ರ ಮೋದಿಯವರು ಅಲ್ಲಿಂದ ಸ್ಪರ್ಧಿಸುವುದಾಗಿ ಘೋಷಣೆಯಾಯಿತು, ರಾವತ್ ಹಿಂದೆ ಸರಿದರು, ಪಕ್ಷವು ಮಧುಸೂದನ ಮಿಸ್ತ್ರಿಯವರನ್ನು ಕಣಕ್ಕಿಳಿಸಿತು.

ಆ ಬಳಿಕ ನಮ್ಮಲ್ಲಿ ಪ್ರೈಮರಿಯ ಮಾತು ಎತ್ತಿದವರಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಕೆಪಿಸಿಸಿಯು ಆಕಾಂಕ್ಷಿಗಳಿಂದ 5,000 ರೂಪಾಯಿಗೆ ಅರ್ಜಿಯನ್ನೂ, ಅದರೊಂದಿಗೆ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷ ರೂಪಾಯಿಯ ಡಿ.ಡಿ.ಯನ್ನೂ ಪಡೆಯಿತು, 224 ಕ್ಷೇತ್ರಗಳಿಗೆ ಸಾವಿರಕ್ಕೂ ಹೆಚ್ಚು ಮಂದಿ ಶ್ರದ್ಧೆಯಿಂದ ಅರ್ಜಿ ಹಾಕಿದರು. ಜೆಡಿಎಸ್‌ನಲ್ಲಿ ಹಾಸನದ ಟಿಕೆಟ್ಟಿನ ಜಗ್ಗಾಟವು ಒಂದೇ ಮನೆಯೊಳಗೆ ತಿಂಗಳುಗಟ್ಟಲೆ ನಡೆದು ಮನೆಯೊಳಗೇ ಇತ್ಯರ್ಥವಾಯಿತು. ಮತಪೆಟ್ಟಿಗೆಯ ಖರ್ಚು ಎರಡು ಕಡೆಯೂ ಉಳಿಯಿತು.