ಲಾರ್ಡ್ ಒದ್ದರೆ ಆಟ, ಕಮ್ಮಾರ ಒದ್ದರೆ ಕೇಸು

ಫುಟ್‌ಬಾಲ್‌ಗೆ ನಿಯಮ ಬರೆಯೋಣ ಅಂತ 1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ದೊಡ್ಡ ಮನುಷ್ಯರೆಲ್ಲ ಸೇರಿದರು. ಎದುರಾಳಿಯ ಮುಂಗಾಲಿಗೆ ಬೂಟಿನಿಂದ ಒದೆಯುವುದು ಆಗ ಆಟದ ಭಾಗವೇ. ಹೆಸರು ಹ್ಯಾಕಿಂಗ್. ನಿಯಮದ ಕರಡಿನಲ್ಲೂ ಅದಕ್ಕೆ ಜಾಗ ಇತ್ತು. ಒಂದೇ ಷರತ್ತು: ಒಬ್ಬನನ್ನು ಹಿಡಿದುಕೊಂಡೇ ಒದೆಯುವ ಹಾಗಿಲ್ಲ. ಹಿಡಿಯಿರಿ, ಇಲ್ಲವೇ ಒದೆಯಿರಿ. ಎಂಥ ಕರುಣೆ!

ಕೊನೆಗೆ ಹ್ಯಾಕಿಂಗ್ ಬೇಡ ಅಂತಾಯಿತು. ಬ್ಲ್ಯಾಕ್‌ಹೀತ್ ಕ್ಲಬ್ಬಿನ ಕ್ಯಾಂಪ್‌ಬೆಲ್ ಸಾಹೇಬರಿಗೆ ಸಿಟ್ಟು ಬಂತು. ಒದೆ ತೆಗೆದರೆ ಆಟದ ಗಂಡೆದೆಯೇ ಹೋಗುತ್ತದೆ, ಒಂದು ವಾರ ಪ್ರಾಕ್ಟೀಸ್ ಮಾಡಿದ ಫ್ರೆಂಚರು ಬಂದು ನಿಮ್ಮನ್ನು ಸೋಲಿಸುತ್ತಾರೆ ಅಂತ ಹೆದರಿಸಿದರು. ಯಾರೂ ಕೇಳಲಿಲ್ಲ. ಅವರ ಕ್ಲಬ್ಬು ಎದ್ದು ಹೊರಟಿತು. (ಫ್ರಾನ್ಸ್ ಎರಡು ವಿಶ್ವಕಪ್ ಗೆದ್ದಿದೆ, ಇಂಗ್ಲೆಂಡ್ ಒಂದು. ಸುಮ್ನೆ ನೆನಪಾಯಿತು.)

ಹೀಗೆ ಒದೆ ಪುಸ್ತಕದಿಂದ ಹೋಯಿತು. ಮೈದಾನದಲ್ಲಿ ಮಾತ್ರ ಆರ್ಥರ್ ಕಿನ್ನೇರ್ಡ್ (ಮುಂದೆ ಲಾರ್ಡ್ ಕಿನ್ನೇರ್ಡ್) ಇದ್ದರು. ಈಟನ್ ಎಂಬ ದೊಡ್ಡವರ ಮಕ್ಕಳ ಶಾಲೆಯಲ್ಲಿ ಓದಿದವರು, ಬ್ಯಾಂಕ್ ಮನೆತನ, ಕೆಂಪು ಗಡ್ಡ, ಉದ್ದನೆ ಬಿಳಿ ಪ್ಯಾಂಟು. ಗೋಲ್‌ಕೀಪರ್‌ನಿಂದ ಫಾರ್ವರ್ಡ್‌ವರೆಗೆ ಎಲ್ಲಿ ನಿಲ್ಲಿಸಿದರೂ ಆಡುತ್ತಿದ್ದರು. ಎಲ್ಲಿ ನಿಂತರೂ ಎದುರಿನವನ ಕಾಲಿಗೆ ಗ್ಯಾರಂಟಿ ಇರಲಿಲ್ಲ. ಒಂದು ದಿನ ಇವರು ಕಾಲು ಮುರಿದುಕೊಂಡು ಬರುತ್ತಾರೆ ಅಂತ ಮನೆಯವರು ಗೋಳಾಡಿದರಂತೆ. ತಾಯಿ ಅಂತ ಕೆಲವರು, ಹೆಂಡತಿ ಅಂತ ಕೆಲವರು. ಸ್ನೇಹಿತ ಮೇಜರ್ ಮ್ಯಾರಿಂಡಿನ್ ಸಮಾಧಾನ ಮಾಡಿದರು: ಬಂದರೂ ಅದು ಅವನ ಕಾಲಾಗಿರುವುದಿಲ್ಲ ಬಿಡಿ! ಹೀಗೆ ಧೈರ್ಯ ಹೇಳಿದ ಮ್ಯಾರಿಂಡಿನ್ ಯಾರು ಗೊತ್ತಾ? ಒದೆ ಬೇಡ ಅಂತ ನಿಯಮ ಮಾಡಿದ ಆ ಫುಟ್‌ಬಾಲ್ ಅಸೋಸಿಯೇಷನ್ನಿನ (ಎಫ್‌ಎ) ಅಧ್ಯಕ್ಷರು.

1877ರ ಎಫ್‌ಎ ಕಪ್ ಫೈನಲ್‌ನಲ್ಲಿ ಕಿನ್ನೇರ್ಡ್ ಗೋಲ್‌ಕೀಪರ್. ಬಂದ ಚೆಂಡನ್ನು ಹಿಡಿದರು, ಹಿಡಿದುಕೊಂಡೇ ಹಿಂದೆ ಸರಿದು ಗೆರೆ ದಾಟಿಬಿಟ್ಟರು. ಎದುರಾಳಿಗೆ ಗೋಲ್! ಆದರೂ ಅವರ ವಾಂಡರರ್ಸ್ ತಂಡ ಗೆದ್ದದ್ದು 2-1ರಿಂದ. ಆಮೇಲೆ ದಾಖಲೆ ನೋಡಿದರೆ 2-0. ಅಷ್ಟು ಜನ ಕಣ್ಣಾರೆ ಕಂಡ ಗೋಲು ಸುಮಾರು ನೂರು ವರ್ಷ ನಾಪತ್ತೆ. ಕಿನ್ನೇರ್ಡ್ 1868ರಿಂದಲೇ ಅಸೋಸಿಯೇಷನ್ನಿನ ಸಮಿತಿಯಲ್ಲಿದ್ದರು ಅನ್ನುವುದಕ್ಕೂ ಇದಕ್ಕೂ ಏನೇನೂ ಸಂಬಂಧ ಇರಲಿಕ್ಕಿಲ್ಲ, ಅಲ್ವಾ?

1890ರಲ್ಲಿ ಇವರೇ ಅಧ್ಯಕ್ಷರಾದರು. 1911ರಲ್ಲಿ ಅಸೋಸಿಯೇಷನ್ ಇವರ ಸೇವೆ ಮೆಚ್ಚಿ ಎಫ್‌ಎ ಕಪ್ಪನ್ನೇ ಮನೆಗೆ ಕೊಟ್ಟು ಕಳಿಸಿತು. ಪಂದ್ಯಕ್ಕೆ ಹೊಸ ಕಪ್ ಮಾಡಿಸಿಕೊಂಡಿತು.

ಅದೇ ಕಾಲಕ್ಕೆ ಶೆಫೀಲ್ಡಿನ ಕಮ್ಮಾರ ಫ್ರ್ಯಾಂಕ್ ಬಾರ್ಸನ್ ಆಟಕ್ಕಿಳಿದ. ಸೆಂಟರ್ ಹಾಫ್. ಮೂಗು ಮುರಿದು ಸೊಟ್ಟಗಾಗಿತ್ತು. ಇವನೂ ಒದೆಯುತ್ತಿದ್ದ, ಗುದ್ದುತ್ತಿದ್ದ. ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತಾರಲ್ಲ, ಇವನು ಒಡೆದದ್ದಕ್ಕೆ ಮಾತ್ರ ಬಿಲ್ ಬರುತ್ತಿತ್ತು. 1920ರ ಕಪ್ ಫೈನಲ್‌ಗೆ ಮೊದಲು ರೆಫರಿ ಹೌಕ್ರಾಫ್ಟ್ ಡ್ರೆಸಿಂಗ್ ರೂಮಿಗೇ ಬಂದು, ಬಾಲ ಬಿಚ್ಚಿದರೆ ಹುಷಾರ್ ಅಂತ ಗದರಿಸಿ ಹೋದರು. ಚೆಂಡು ಇನ್ನೂ ಉರುಳಿರಲಿಲ್ಲ! 1926ರ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಸ್ಯಾಮ್ ಕೋವನ್ ಪ್ರಜ್ಞೆ ತಪ್ಪಿ ಬಿದ್ದ. ಮೈದಾನದಲ್ಲಿ ರೆಫರಿ ಏನೂ ಮಾಡಲಿಲ್ಲ. ಅಸೋಸಿಯೇಷನ್ ಆಮೇಲೆ ಕೂತು ಯೋಚಿಸಿ ಬಾರ್ಸನ್‌ಗೆ ಎರಡು ತಿಂಗಳು ನಿಷೇಧ ಹಾಕಿತು. 1928ರಲ್ಲಿ ವಾಟ್‌ಫರ್ಡ್‌ಗೆ ಆಡುವಾಗ ಇನ್ನೊಂದು ನಿಷೇಧ. ಆ ಸೀಸನ್ನಿನ ಬಹುಪಾಲು ಅಲ್ಲಿಗೇ ಮುಗಿಯಿತು. ಇಂಗ್ಲೆಂಡ್ ತಂಡಕ್ಕೆ ಒಂದೇ ಪಂದ್ಯ ಆಡಿಸಿ ಮತ್ತೆ ಕರೆಯಲಿಲ್ಲ.

ಕಪ್ಪು ಇವನ ಮನೆಗೆ ಬರಲಿಲ್ಲ, ಒಂದು ಪಬ್ ಮಾತ್ರ ಬಂತು. ತಂಡವನ್ನು ಮೇಲಿನ ಡಿವಿಷನ್ನಿಗೆ ಏರಿಸಿದರೆ ಪಬ್ ಕೊಡುತ್ತೇವೆ ಅಂತ ಮ್ಯಾಂಚೆಸ್ಟರ್ ಯುನೈಟೆಡ್ ಮಾತು ಕೊಟ್ಟಿತ್ತಂತೆ. 1925ರಲ್ಲಿ ಏರಿಸಿದ. ಪಬ್ ತೆರೆದ ದಿನ ಜನ ಮುತ್ತಿಕೊಂಡು ಹೊಗಳಿದ್ದೇ ಹೊಗಳಿದ್ದು. ಬಾರ್ಸನ್‌ಗೆ ಕಾಲು ಗಂಟೆಗೇ ಸಾಕಾಗಿ, ಪಬ್ಬನ್ನು ವೇಟರ್‌ಗೆ ಒಪ್ಪಿಸಿ ಹೊರಟುಹೋದ ಅಂತ ಕಥೆ ಇದೆ. ಕಿನ್ನೇರ್ಡ್ ಅವರು ಅಧ್ಯಕ್ಷರ ಕುರ್ಚಿಯಲ್ಲಿ 33 ವರ್ಷ ತಾಳಿಕೊಂಡರು, ಪಾಪ.